ಬುಡವನ್ನುಳಿಸಿ ಕೊಯ್ಯುವುದು

ಒಂದು ಜೀವದಿಂದ ತನ್ನ ಅನ್ನವನ್ನು ತೆಗೆದುಕೊಳ್ಳದೆ ಇನ್ನೊಂದು ಜೀವವು ಈ ಲೋಕದಲ್ಲಿ ಬಾಳಲಾರದು. ಈ ಮಾತು ಹಳೆಯದು. ಅದನ್ನು ಮತ್ತೆ ಸಾಧಿಸುವುದು ನಮ್ಮ ಉದ್ದೇಶವಲ್ಲ. ತೆಗೆದುಕೊಳ್ಳುವುದು ತಪ್ಪದೆಂದ ಮೇಲೆ ಹೇಗೆ ತೆಗೆದುಕೊಳ್ಳಬೇಕು, ಎಷ್ಟನ್ನು ಬಿಟ್ಟು ತೆಗೆದುಕೊಳ್ಳಬೇಕು, ಬಿಟ್ಟದ್ದು ಸಾಕಾಯಿತೆ ಇಲ್ಲವೆ ಎಂಬುದನ್ನು ಯಾರು ನಿರ್ಣಯಿಸಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಇಂಥ ಪ್ರಶ್ನೆಗಳನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕುವುದು ವಾಡಿಕೆ. ನಮಗೆ ಅದು ಎದುರಾದದ್ದು ಶಾಲೆಯ ಹಿಂದೆ ಒಂದು ಒಡೆದ ಕೊಡದಲ್ಲಿ ಬೆಳೆದ ಸೊಪ್ಪಿನ ಮುಂದೆ. ಸೊಪ್ಪಿನ ವಿಷಯವೆಂದು ಓದುಗರು ಪುಟವನ್ನು ಮಗುಚದಿರಲಿ. ಮುಂದೆ ಒಬ್ಬ ಹುಡುಗನ ವಿಷಯವೂ ಬರುತ್ತದೆ, ಅದಕ್ಕಾಗಿಯೇ ಇಷ್ಟೆಲ್ಲ ಬರೆಯಬೇಕಾಯಿತು.

ನಾಲ್ಕು ವರ್ಷಗಳ ಕೆಳಗೆ ಬೆಂಗಳೂರಿನ ಬಂಧುಗಳೊಬ್ಬರು ತಮ್ಮ ಮಹಡಿಯ ಮೇಲಿನ ಕುಂಡದಿಂದ ಒಂದು ಹಿಡಿಯಷ್ಟು ಗಿಡವನ್ನು ಬೇರುಸಹಿತ ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನಮಗೆ ಕೊಟ್ಟರು. ಇಂಗ್ಲಿಷಿನಲ್ಲಿ ಅದರ ಹೆಸರು ಚೈವ್ಸ್. ಈರುಳ್ಳಿಯ ಕುಲಕ್ಕೆ ಸೇರಿದ್ದು. ಆದರೆ ಈರುಳ್ಳಿಯಂತೆ ಗಡ್ಡೆ ಕಟ್ಟುವುದಿಲ್ಲ. ಮಣ್ಣಿನೊಳಗೆ ಬೆರಳಿನಷ್ಟೂ ದಪ್ಪವಿಲ್ಲದ ಬಿಳಿಯ ಬುಡಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿರುತ್ತವೆ. ಮೇಲೆ ಪೊಳ್ಳಾದ ತೆಳ್ಳಗಿನ ಎಲೆಗಳು ಹುಲ್ಲಿನಂತೆ ನಿಲ್ಲುತ್ತವೆ. ಉಪಯೋಗಕ್ಕೆ ಬರುವುದು ಆ ಎಲೆಯೇ. ಯುರೋಪು, ಏಷ್ಯ, ಉತ್ತರ ಅಮೆರಿಕಗಳ ತಂಪು ಸೀಮೆಗಳಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹಿಮಾಲಯದ ಪಶ್ಚಿಮ ಭಾಗದಲ್ಲಿ ಉಂಟು. ಇದರ ದಾಯಾದಿಯೊಂದನ್ನು ಮಣಿಪುರದವರು ಮರೋಯ್ ನಕುಪ್ಪಿ ಎಂದು ಕರೆದು ಮನೆಯಂಗಳದಲ್ಲಿ ಬೆಳೆಸಿಕೊಳ್ಳುತ್ತಾರೆ.

ನಮ್ಮ ಸೀಮೆಗೆ ಈ ಗಿಡ ಹೊಸದು. ಆದುದರಿಂದ ಹೆಸರೂ ಇರಲಿಲ್ಲ. ಮಡಕಶಿರದ ಕಡೆ ಈರುಳ್ಳಿ ಎನ್ನುವುದನ್ನು ರಾಯದುರ್ಗದ ಕಡೆ ಉಳ್ಳಾಗಡ್ಡಿ ಎನ್ನುತ್ತಾರೆ. ನೆರೆಯ ತೆಲುಗರ ಬಾಯಲ್ಲಿ ಅದು ಎರ್ರಗಡ್ಡ, ಅದರ ಎಲೆ ಉಲ್ಲಿಕಾಡ. ಇಷ್ಟು ಹೆಸರುಗಳ ನಡುವೆ ಬಾಳುವ ನಮ್ಮ ಮಕ್ಕಳಿಗೆ ಇನ್ನೊಂದನ್ನು ಹುಟ್ಟಿಸುವುದು ಕಷ್ಟವಾಗಲಿಲ್ಲ. ಎಲೆ ಕೂದಲಿನಂತೆ ಇದೆಯೆಂದು ಅವರು ಅದಕ್ಕೆ ‘ಕೂದಲುಳ್ಳಿ’ ಎಂದು ನಾಮಕರಣ ಮಾಡಿದರು. ಸೊಪ್ಪು ಗೇಣುದ್ದ ಬೆಳೆದ ದಿನ ಯಾರಾದರೊಬ್ಬರು ಓಡಿಬಂದು, “ಸಾರ್, ಇವತ್ತು ಕಟಿಂಗ್ ಇದೆಯಾ?” ಎಂದು ಕೇಳುತ್ತಿದ್ದರು.

ಬೆಳೆಸುವ ವಿಧಾನ ಸುಲಭವೆಂದು ಪುಸ್ತಕಗಳು ಹೇಳುತ್ತವೆ. ತಂಪು ಹವೆಯ ಊರುಗಳಿಗೆ ಆ ಮಾತು ನಿಜ. ದೇಶದಲ್ಲಿಯೇ ಅತಿ ಕಡಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ನಮ್ಮದೂ ಒಂದು. ಏಪ್ರಿಲ್ ಬಂದಿತೆಂದರೆ ಬಂಡೆಯೂ ಬೆವರುವ ಊರು. ಇಂಥಲ್ಲಿ ಈ ಗಿಡಕ್ಕೆ ಮಧ್ಯಾಹ್ನದ ನೆರಳು ಬೇಕು. ಅದಕ್ಕೆ ನಾವು ಕೊಡವನ್ನು ನುಗ್ಗೆಯ ಮರದ ಪೂರ್ವಕ್ಕೆ ಇಟ್ಟೆವು. ಮುಂಜಾನೆಯ ಬಿಸಿಲು ದೊರೆಯುತ್ತದೆ, ಮಧ್ಯಾಹ್ನದ್ದು ತಪ್ಪುತ್ತದೆ. ಕೆಮ್ಮಣ್ಣಿಗೆ ಅಷ್ಟೇ ಪ್ರಮಾಣದ ಕೊಟ್ಟಿಗೆ ಗೊಬ್ಬರ, ನೀರು ನಿಲ್ಲದಂತೆ ಕೆಳಗೆ ಹಿಡಿ ಮರಳು. ಮಕ್ಕಳು ಊಟಕ್ಕೆ ಮುನ್ನ ತಟ್ಟೆ ತೊಳೆದ ನೀರೇ ಅದಕ್ಕೆ ಸಾಕಾಗುತ್ತಿತ್ತು. ಬೀಜದಿಂದಲೂ ಬೆಳೆಸಬಹುದು; ಈರುಳ್ಳಿಯ ಬೀಜದಂತೆಯೇ ಕಪ್ಪಗಿರುತ್ತದೆ, ಹಳೆಯದಾದರೆ ಮೊಳೆಯುವುದಿಲ್ಲ. ಹೂವಿನ ಕಾಂಡ ಎದ್ದರೆ ಎಲೆ ಕಡಮೆಯಾಗುತ್ತದೆಂದು ಅದನ್ನು ಚಿವುಟುವುದುಂಟು. ಸೊಪ್ಪನ್ನು ಬೇಯಿಸಬಾರದು, ಪರಿಮಳ ಹಾರಿಹೋಗುತ್ತದೆ. ಸಣ್ಣಗೆ ಹೆಚ್ಚಿ ಉಪ್ಪಿಟ್ಟಿನ ಮೇಲೆ, ಮೊಸರನ್ನದ ಮೇಲೆ, ರೊಟ್ಟಿಯ ಹಿಟ್ಟಿನೊಳಗೆ ಹಾಕಬಹುದು.

ಇನ್ನು ಕೊಯ್ಯುವ ಕ್ರಮ. ಮಣ್ಣಿನಿಂದ ಎರಡು ಬೆರಳಿನಷ್ಟು ಬಿಟ್ಟು ಹರಿತವಾದ ಕತ್ತರಿಯಿಂದ ಕೊಯ್ಯಬೇಕು. ಹೀಗೆ ಮಾಡಿದರೆ ತಂಪುಕಾಲದಲ್ಲಿ ಮೂರು ವಾರದೊಳಗೆ ಮತ್ತೆ ಮೊದಲಿನಷ್ಟಾಗುತ್ತದೆ. ಇದು ಏಕೆಂಬುದನ್ನು ಮಕ್ಕಳಿಗೆ ತೋರಿಸಲು ನಾವು ಒಂದು ಪರೀಕ್ಷೆ ಮಾಡಿದೆವು. ಎಳೆಯ ಎಲೆಯೊಂದರ ಮೇಲೆ ಬುಡದಿಂದ ತುದಿಯವರೆಗೆ ಸಮ ಅಂತರದಲ್ಲಿ ಶಾಯಿಯ ಚುಕ್ಕೆಗಳನ್ನಿಟ್ಟೆವು. ವಾರದ ಮೇಲೆ ನೋಡಿದರೆ ಮೇಲಿನ ಚುಕ್ಕೆಗಳ ನಡುವಿನ ಅಂತರ ಇದ್ದಂತೆಯೇ ಇದ್ದಿತು. ಬುಡದ ಚುಕ್ಕೆ ಮಾತ್ರ ಮಣ್ಣಿನಿಂದ ದೂರ ಸರಿದಿತ್ತು. ಎಂದರೆ ಎಲೆಯು ತುದಿಯಿಂದ ಬೆಳೆಯುವುದಿಲ್ಲ, ಬುಡದಿಂದ ಬೆಳೆದು ತುದಿಯನ್ನು ಮೇಲಕ್ಕೆ ತಳ್ಳುತ್ತದೆ. ತುದಿಯು ಹಳೆಯದು, ಬುಡವು ಹೊಸದು. ಕುರಿ ಮೇಯ್ದ ಹುಲ್ಲು ಮತ್ತೆ ಬೆಳೆಯುವುದೂ ಈ ಕಾರಣದಿಂದಲೇ. ದಂಟಿನ ಸೊಪ್ಪಿನಲ್ಲಿ ಹೀಗಲ್ಲ. ಅಲ್ಲಿ ಕಾಂಡವು ಬೆಳೆಯುವುದು ತುದಿಯ ಕುಡಿಯಿಂದ. ಕುಡಿಯನ್ನು ಚಿವುಟಿದರೆ ಮಗ್ಗುಲಿನ ಮೊಗ್ಗುಗಳು ಒಡೆಯಬೇಕು. ಬೆಳೆಯುವ ಜಾಗ ಒಂದೊಂದು ಗಿಡದಲ್ಲಿ ಒಂದೊಂದು ಕಡೆ ಇರುತ್ತದೆ. ಅದು ಎಲ್ಲಿದೆಯೆಂದು ತಿಳಿಯದವನ ಕೈಯಲ್ಲಿ ಕತ್ತರಿ ಇರಬಾರದು ಎಂದು ನಾವು ಅಂದು ಮಕ್ಕಳಿಗೆ ಬಹಳ ಗಾಂಭೀರ್ಯದಿಂದ ಹೇಳಿದೆವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಕನ್ನಡಿಗರು ಈ ವಿಷಯವನ್ನು ಅರಿಯದವರಲ್ಲ. ನಮ್ಮ ಕ್ರಿಯಾಪದಗಳೇ ಅದಕ್ಕೆ ಸಾಕ್ಷಿ. ಹೂವನ್ನು ಬಿಡಿಸುತ್ತೇವೆ, ಸೊಪ್ಪನ್ನು ಚಿವುಟುತ್ತೇವೆ ಅಥವಾ ಕೊಯ್ಯುತ್ತೇವೆ, ಹುಣಸೆಯನ್ನು ಉದುರಿಸುತ್ತೇವೆ, ಶೇಂಗಾವನ್ನು ಕೀಳುತ್ತೇವೆ. ಪ್ರತಿಯೊಂದಕ್ಕೂ ಬೇರೆ ಮಾತು, ಬೇರೆ ಕೈ. ಕೀಳುವುದೆಲ್ಲ ಪಾಪ, ಕೊಯ್ಯುವುದೆಲ್ಲ ಪುಣ್ಯವೆಂದು ತೀರ್ಮಾನಿಸುವುದಕ್ಕೂ ಆಗದು. ಅನಂತಪುರದ ಸೀಮೆ ಬದುಕಿರುವುದು ಶೇಂಗಾ ಕೀಳುವುದರಿಂದ. ಕೀಳದೆ ಬಿಟ್ಟರೂ ಆ ಗಿಡ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ, ಕಾಯಿ ಮಣ್ಣಿನಲ್ಲಿ ಕೊಳೆಯುತ್ತದೆ ಅಷ್ಟೆ. ಬುಡವನ್ನು ಉಳಿಸಿದ ಮಾತ್ರಕ್ಕೆ ಒಳ್ಳೆಯದಾಯಿತೆನ್ನುವುದೂ ಸಂದೇಹವೇ. ಹಿಂದೂಪುರದ ಮಾರುಕಟ್ಟೆಗೆ ಗೂಡು ಕಳುಹಿಸುವ ಮಡಕಶಿರದ ರೇಷ್ಮೆಯ ರೈತನು ಹಿಪ್ಪುನೇರಳೆಯನ್ನು ಬುಡ ಬಿಟ್ಟು ಬಹು ಜೋಪಾನವಾಗಿ ಕೊಯ್ಯುತ್ತಾನೆ. ಆ ಎಲೆಯನ್ನು ತಿಂದ ಹುಳುವಿನ ಗತಿಯೇನೆಂಬುದು ನಾವು ಬಲ್ಲ ಸಂಗತಿ. ಗಿಡದ ಮೇಲಣ ದಯೆ ಹುಳುವಿನ ಹತ್ತಿರ ಬಂದು ನಿಂತುಹೋಗುತ್ತದೆ.

ರಾಯದುರ್ಗದ ಬೆಟ್ಟದ ಮೇಲೆ ರಸಸಿದ್ಧರದೆಂದು ಜನರು ಕರೆಯುವ ಗುಹೆಗಳಿವೆ. ಅಲ್ಲಿ ಜೈನ ಸಿದ್ಧರ ಆಕೃತಿಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ಗುಹೆಗಳನ್ನು ಕಂಡಾಗಲೆಲ್ಲ ನಮಗೆ ಜೈನರ ಒಂದು ದೃಷ್ಟಾಂತವು ನೆನಪಿಗೆ ಬರುತ್ತದೆ. ಚಾವುಂಡರಾಯನ ಗುರುವೆಂದು ಪ್ರಸಿದ್ಧನಾದ ನೇಮಿಚಂದ್ರನ ಗೊಮ್ಮಟಸಾರದಲ್ಲಿಯೂ ಅದು ಬಂದಿದೆ. ಕಾಡಿನಲ್ಲಿ ಹಸಿದ ಆರು ಮಂದಿ ಹಣ್ಣು ತುಂಬಿದ ಮರವೊಂದನ್ನು ಕಂಡರಂತೆ. ಒಬ್ಬನು ಮರವನ್ನು ಬೇರುಸಹಿತ ಕಿತ್ತು ಕೆಡಹೋಣವೆಂದನು, ಇನ್ನೊಬ್ಬನು ಬೊಡ್ಡೆಯನ್ನು ಕಡಿದರೆ ಸಾಕೆಂದನು, ಮೂರನೆಯವನಿಗೆ ಕೊಂಬೆ ಸಾಕಾಯಿತು, ನಾಲ್ಕನೆಯವನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಮಾತ್ರ, ಆರನೆಯವನು ನೆಲದ ಮೇಲೆ ಬಿದ್ದಿರುವುದನ್ನು ಆರಿಸಿಕೊಳ್ಳೋಣವೆಂದನು. ಮನಸ್ಸಿನ ಆರು ಬಣ್ಣಗಳನ್ನು, ಅವರು ಲೇಶ್ಯೆಗಳೆನ್ನುವುದನ್ನು, ಕೃಷ್ಣದಿಂದ ಶುಕ್ಲದವರೆಗೆ ತಿಳಿಸಲು ಈ ಕಥೆ. ಇದರಲ್ಲಿ ನಮಗೆ ಮುಖ್ಯವಾಗಿ ತೋರುವ ಅಂಶ ಬೇರೊಂದು. ಆ ಆರು ಮಂದಿಯಲ್ಲಿ ಯಾರೂ ಇನ್ನೂ ಮರವನ್ನು ಮುಟ್ಟಿಲ್ಲ. ಬರಿಯ ಮಾತಿನಲ್ಲಿಯೇ, ಮಾಡುವುದಕ್ಕೆ ಮುನ್ನವೇ, ಅವರ ಬಣ್ಣ ಗೊತ್ತಾಗಿ ಹೋಯಿತು. ಹಸಿವು ಆರು ಮಂದಿಗೂ ಒಂದೇ ಆಗಿದ್ದಿತು.

ಬುಡ ಬಿಟ್ಟು ಕೊಯ್ಯುವವನು ಯಾವ ಬಣ್ಣದವನು? ನಾಳೆಯೂ ಕೊಯ್ಯಬೇಕೆಂಬ ಆಸೆಯಿಂದ ಇಂದು ಬುಡವನ್ನು ಬಿಟ್ಟವನಿಗೆ ದಯಾಳು ಎನ್ನಬಹುದೆ? ಬಡ್ಡಿಯ ಸಾಹುಕಾರನೂ ಸಾಲಗಾರನ ಬುಡವನ್ನು ಉಳಿಸಿಯೇ ಕೊಯ್ಯುತ್ತಾನೆ. ಸಾಲಗಾರನು ಸತ್ತರೆ ಅವನಿಗೇ ನಷ್ಟ. ಈ ಆಕ್ಷೇಪಣೆಗೆ ನಮಗೆ ಬಹುದಿನ ಸಮಾಧಾನ ದೊರೆತಿರಲಿಲ್ಲ. ಕೊನೆಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಆರನೆಯವನಂತೆ ಬಿದ್ದದ್ದನ್ನೇ ಆರಿಸುವವನು, ಯಾರಿಗೂ ನೋವಿಲ್ಲ. ಆದರೂ ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದಳು. ಅವಳ ಅಳತೆಯು ಗಿಡದ ಕಡೆಯಿಂದ ಬಂದದ್ದಲ್ಲ, ತನ್ನ ಮನೆಯ ಒಲೆಯ ಕಡೆಯಿಂದ ಬಂದದ್ದು. ಎಷ್ಟು ತೆಗೆದರೂ ಅದು ಸಹಿಸೀತು ಎಂಬ ಲೆಕ್ಕ ಸಾಹುಕಾರನದು. ನಮಗೆ ಎಷ್ಟು ಸಾಕು ಎಂಬ ಲೆಕ್ಕ ಲಕ್ಕಮ್ಮನದು. ಎರಡರಲ್ಲಿಯೂ ಬುಡ ಉಳಿಯುತ್ತದೆ. ಉಳಿಸಿದವರು ಒಂದೇ ಅಲ್ಲ.

ಇಷ್ಟು ವಿಚಾರ ಮಾಡಿ ನಾವು ಸಮಾಧಾನದಿಂದಿದ್ದೆವು. ವಿಚಾರ ಮಾಡಿದವನಿಗೆ ತಾನು ಒಳ್ಳೆಯವನೆಂಬ ಭ್ರಾಂತಿ ಸುಲಭವಾಗಿ ಬರುತ್ತದೆ. ಮುಂದೆ ಹೇಳುವುದು ಕಳೆದ ಡಿಸೆಂಬರಿನ ಸಂಗತಿ.

ಸೋಮವಾರ ಬೆಳಗ್ಗೆ ಶಾಲೆಗೆ ಬಂದು ನೋಡಿದರೆ ಕೊಡದಲ್ಲಿಯ ಗಿಡ ನೆಲಸಮವಾಗಿದ್ದಿತು. ಎರಡು ಬೆರಳಲ್ಲ, ಉಗುರಿನಷ್ಟೂ ಬಿಟ್ಟಿರಲಿಲ್ಲ. ಮರುದಿನವೇ ಮೇಲಿನಿಂದ ಕೆಲವರು ಶಾಲೆಯ ಕೈತೋಟವನ್ನು ನೋಡಲು ಬರುವವರಿದ್ದರು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳಿರಬೇಕೆಂದು 2019ರಲ್ಲಿ ಕೇಂದ್ರ ಸರಕಾರವು ಮಾರ್ಗಸೂಚಿ ಹೊರಡಿಸಿತಷ್ಟೆ. ಆ ಸಂಬಂಧದ ಭೇಟಿ. ಎಲ್ಲಿಯೂ ಇಲ್ಲದ ಸೊಪ್ಪೊಂದು ನಮ್ಮಲ್ಲಿದೆಯೆಂದು ತೋರಿಸಿಕೊಳ್ಳುವ ಆಸೆ ನಮಗೆ ಇದ್ದಿತೆಂಬುದನ್ನು ಮರೆಮಾಡುವುದಿಲ್ಲ. ಸಿಟ್ಟು ಬಂದದ್ದು ಗಿಡಕ್ಕಾಗಿಯೋ ಆ ಆಸೆಗಾಗಿಯೋ ಎಂದು ಆಗ ಕೇಳಿಕೊಳ್ಳಲಿಲ್ಲ.

ಯಾರು ಕೊಯ್ದರೆಂದು ಕೇಳಿದೆವು. ಯಾರೂ ಉತ್ತರ ಕೊಡಲಿಲ್ಲ. ಆಗ ನಮಗೆ ಒಂದು ಉಪಾಯ ಹೊಳೆಯಿತು. ಹೊಳೆದಾಗ ಅದರ ಬಗ್ಗೆ ಹೆಮ್ಮೆಯೂ ಆಯಿತು. ಉಳ್ಳಿಯ ವಾಸನೆ ಕೈಯನ್ನು ಬೇಗ ಬಿಡುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡುತ್ತ ಹೋದೆವು. ಮಕ್ಕಳಿಗೆ ಮೊದಮೊದಲು ಅದು ಆಟವಾಗಿ ಕಂಡು ನಗುತ್ತಿದ್ದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಹತ್ತಿರ ಬಂದಾಗ ವಾಸನೆ ಮೂಗಿಗೆ ಹೊಡೆಯಿತು. “ಇದೇನು?” ಎಂದೆವು. ಆತನು ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, “ನಾನಲ್ಲ ಸಾರ್” ಎಂದನು. “ಹಾಗಾದರೆ ಈ ವಾಸನೆ ಎಲ್ಲಿಂದ ಬಂತು?” ಎಂದರೆ ಬಾಯಿ ಬಿಡಲಿಲ್ಲ. ಇಡೀ ಶಾಲೆಯ ಮುಂದೆ ನಾವು ಅವನಿಗೆ ಒಂದು ಮಾತನ್ನು ಅಂದೆವು. ಕಳ್ಳ ಎಂಬ ಮಾತು.

ಹೊಡೆಯಲಿಲ್ಲ. ಹೊಡೆಯುವ ಕಾಲ ಹೋಯಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ವಿಧಿಸಿದೆ. ಆ ಎರಡನೆಯ ಮಾತನ್ನು ನಾವು ಮೊದಲನೆಯದರಷ್ಟು ಮನಸ್ಸಿಟ್ಟು ಓದಿರಲಿಲ್ಲವೆಂದು ತೋರುತ್ತದೆ. ಕೈಯಲ್ಲಿ ಬೆತ್ತವಿಲ್ಲದ್ದರಿಂದ ನಾವು ಸೌಮ್ಯರೆಂದೇ ಭಾವಿಸಿಕೊಂಡಿದ್ದೆವು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಕಾಗದಪತ್ರಗಳನ್ನು ಮುಗಿಸಿ ಹೊರಗೆ ಬಂದಾಗ ಹಿಂದುಗಡೆ ಏನೋ ಸದ್ದಾಯಿತು. ಬೇಲಿಯ ಕಂಡಿಯಿಂದ ಒಂದು ಕುರಿಮರಿ ನುಸುಳಿ ಬಂದು ಕೊಡದ ಬಳಿ ನಿಂತಿದ್ದಿತು. ನಿನ್ನೆ ತಿಂದು ಉಳಿದದ್ದೇನಾದರೂ ಇದೆಯೆ ಎಂದು ಮಣ್ಣನ್ನು ಮೂಸುತ್ತಿತ್ತು. ನಾವು ಬೆಳಗ್ಗೆ ಮಕ್ಕಳ ಕೈಗಳನ್ನು ಮೂಸಿದಂತೆಯೇ.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಂಜೆ ಅವನ ಮನೆಯನ್ನು ಹುಡುಕಿಕೊಂಡು ಹೋದೆವು. ಅವನ ತಾಯಿ ಊರ ಹೊರಗಿನ ಹೊಲವೊಂದರಲ್ಲಿ ಇದ್ದಾಳೆಂದರು; ಅಲ್ಲಿಗೂ ಹೋದೆವು. ಕಿತ್ತು ರಾಶಿ ಹಾಕಿದ ಉಳ್ಳಾಗಡ್ಡಿಯ ಮುಂದೆ ಆರೇಳು ಮಂದಿ ಹೆಂಗಸರು ಕುಳಿತು ಕುಡುಗೋಲಿನಿಂದ ಒಣಗಿದ ಎಲೆಯನ್ನೂ ಬೇರನ್ನೂ ಕೊಯ್ದು ಗಡ್ಡೆಯನ್ನು ಚೀಲಕ್ಕೆ ತುಂಬುತ್ತಿದ್ದರು. ಚೀಲಕ್ಕೆ ಇಷ್ಟೆಂದು ಕೂಲಿ. ತಾಯಿಯ ಮಗ್ಗುಲಲ್ಲಿ ಹುಡುಗನೂ ಕುಳಿತಿದ್ದನು. ಭಾನುವಾರವೂ ಹೊತ್ತು ಮುಳುಗುವ ತನಕ ಅಲ್ಲಿಯೇ ಇದ್ದನೆಂದು ತಾಯಿ ಹೇಳಿದಳು. ಕೈಯ ವಾಸನೆ ಎಲ್ಲಿಂದ ಬಂತೆಂದು ಮತ್ತೆ ಕೇಳಬೇಕಾಗಿರಲಿಲ್ಲ.

ಹಾಗಿದ್ದರೆ ಆತನು ಅಂದೇ ಏಕೆ ಹೇಳಲಿಲ್ಲ? ಅದಕ್ಕೂ ಉತ್ತರ ನಮ್ಮ ಬಳಿಯೇ ಇದ್ದಿತು. ಕೂಲಿಗೆ ಹೋಗುವ ಮಕ್ಕಳನ್ನು ಹೆಸರು ಹಿಡಿದು ಎಬ್ಬಿಸಿ, ಹೋಗಕೂಡದೆಂದು ಗದರಿಸಿದವರು ನಾವೇ. ಹಿಂದಿನ ತಿಂಗಳಷ್ಟೇ ಗದರಿಸಿದ್ದೆವು. ಅದು ತಪ್ಪೆಂದು ಈಗಲೂ ಅನ್ನುವುದಿಲ್ಲ. ಆದರೆ ಅದರ ಫಲವೇನಾಯಿತು ನೋಡಿರಿ. ಕಳ್ಳನಲ್ಲವೆಂದು ತೋರಿಸಿಕೊಳ್ಳಲು ಆ ಹುಡುಗನ ಬಳಿ ಇದ್ದ ಒಂದೇ ಸತ್ಯವನ್ನು ನಾವು ಮುಂಚೆಯೇ ಅಪರಾಧವೆಂದು ಸಾರಿಬಿಟ್ಟಿದ್ದೆವು. ಹೇಳಿದರೂ ಬೈಗಳು, ಹೇಳದಿದ್ದರೂ ಬೈಗಳು. ಒಂಬತ್ತು ವರ್ಷದ ಮಗುವು ತಾಯಿಯ ಕೂಲಿಯನ್ನು ಸಭೆಯ ಮುಂದೆ ಇಡುವುದಕ್ಕಿಂತ ತಾನು ಕಳ್ಳನೆನಿಸಿಕೊಳ್ಳುವುದೇ ಮೇಲೆಂದು ಆರಿಸಿಕೊಂಡಿತು.

ಆ ತಾಯಿ ಜಗಳವಾಡಲಿಲ್ಲ. ಕೈಯ ಕೆಲಸವನ್ನು ನಿಲ್ಲಿಸದೆ, “ನಾಕು ಏಟು ಹೊಡೆದಿದ್ರೆ ಸಂಜಿಗೆ ಮರೀತಿದ್ದ ಸಾರ್” ಎಂದಳು. ಅಷ್ಟೇ ಅಂದದ್ದು. ಹೊಡೆಯಬೇಕೆಂದು ಅವಳ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಏಟಿಗಿಂತ ಒಳಗೆ ಹೋಗುವುದು ಇನ್ನೊಂದು ಇದೆ ಎಂಬುದಷ್ಟೇ ಅವಳ ಮಾತಿನ ಅರ್ಥ.

ಚುಕ್ಕೆಯಿಟ್ಟು ಮಕ್ಕಳಿಗೆ ಕಲಿಸಿದ ಪಾಠವು ನಮಗೇ ನೆನಪಾದದ್ದು ದಾರಿಯಲ್ಲಿ ಹಿಂತಿರುಗುವಾಗ. ಕುರಿಮರಿ ಉಗುರಿನಷ್ಟೂ ಬಿಡದೆ ಮೇಯ್ದರೂ ಗಿಡದ ಬೆಳೆಯುವ ಜಾಗ ಮಣ್ಣಿನೊಳಗೆ ಭದ್ರವಾಗಿದ್ದಿತು. ಆ ಜಾಗವನ್ನು ಪ್ರಕೃತಿಯು ಕುರಿಗೆ ಸಿಕ್ಕದಂತೆ ಇಟ್ಟಿದೆ. ಮಗುವಿನ ಬೆಳೆಯುವ ಜಾಗವೆಲ್ಲಿದೆ? ಲೆಕ್ಕ ತಪ್ಪಾದರೆ ತಿದ್ದುತ್ತೇವೆ, ಕಾಗುಣಿತ ತಪ್ಪಾದರೆ ತಿದ್ದುತ್ತೇವೆ, ಹಟ ಮಾಡಿದರೆ ಗದರಿಸುತ್ತೇವೆ. ಇವೆಲ್ಲ ಎಲೆಯನ್ನು ಕೊಯ್ಯುವಂಥವು, ಮತ್ತೆ ಬೆಳೆಯುತ್ತದೆ. ಆದರೆ ‘ನಾನಲ್ಲ’ ಎಂದು ಹೇಳಿದರೆ ನಂಬುವವರು ಒಬ್ಬರಾದರೂ ಇದ್ದಾರೆ ಎಂಬ ಭರವಸೆಯನ್ನು ಕತ್ತರಿಸಿದರೆ ಅದು ಯಾವ ಭಾಗ? ನೆಲದಿಂದ ಎರಡು ಬೆರಳು ಎಂಬ ಗುರುತು ಅಲ್ಲಿಲ್ಲ. ಬೋಧನಾ ತರಬೇತಿಯಲ್ಲಿ ನಮಗೆ ಮಗುವಿನ ಮನಸ್ಸಿನ ಬೆಳವಣಿಗೆಯ ಹಂತಗಳನ್ನು ಬಾಯಿಪಾಠ ಮಾಡಿಸಿದ್ದರು. ಆ ಹಂತಗಳು ವಯಸ್ಸಿಗೆ ತಕ್ಕಂತೆ ಸಾಲಾಗಿ ನಿಂತಿದ್ದುವು. ಒಬ್ಬೊಬ್ಬ ಮಗುವಿನಲ್ಲಿ ಅದು ಒಂದೊಂದು ಕಡೆ ಇರಬಹುದು, ದಂಟಿನಲ್ಲಿ ತುದಿಯಲ್ಲಿಯೂ ಉಳ್ಳಿಯಲ್ಲಿ ಬುಡದಲ್ಲಿಯೂ ಇರುವಂತೆ, ಎಂಬುದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಪರೀಕ್ಷೆಗೆ ಬರೆದು ಮರೆಯುತ್ತಿದ್ದೆವೇನೋ.

ಇನ್ನು ಕ್ಷಮೆಯ ಪ್ರಶ್ನೆ. ಹುಡುಗನನ್ನು ಬೇರೆಯಾಗಿ ಕರೆದು, ತಪ್ಪು ನಮ್ಮದೆಂದು ಹೇಳಿದೆವು. ಆತನು ನೆಲ ನೋಡುತ್ತ, “ಇರಲಿ ಬಿಡ್ರಿ ಸಾರ್” ಎಂದನು. ದೊಡ್ಡವರಾಡುವ ಮಾತು ಅದು. ಆ ವಯಸ್ಸಿನ ಬಾಯಲ್ಲಿ ಅದನ್ನು ಕೇಳಬಾರದು. ಕಳ್ಳನೆಂದದ್ದು ಸಭೆಯಲ್ಲಿ, ಅಲ್ಲವೆಂದದ್ದು ಕೋಣೆಯಲ್ಲಿ. ಲೆಕ್ಕ ಸರಿಹೋಗಲಿಲ್ಲವೆಂದು ನಮಗೂ ಗೊತ್ತಿದ್ದಿತು. ಆದರೂ ತಡೆದೆವು. ಉಪಾಧ್ಯಾಯನು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ನಾಳೆ ಅವನ ಮಾತಿಗೆ ಬೆಲೆಯುಳಿಯುವುದೆ ಎಂದು ಹಿರಿಯ ಸಹೋದ್ಯೋಗಿಗಳೊಬ್ಬರು ಕೇಳಿದರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೂವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಹೇಳುವವನಿಗೆ ಮಾತಿನ ಬೆಲೆಯೇ ಬಂಡವಾಳ. ಆದರೆ ಆ ಬೆಲೆ ಎಲ್ಲಿಂದ ಬರುತ್ತದೆ? ಎಂದೂ ತಪ್ಪದವನೆಂಬ ನಂಬಿಕೆಯಿಂದ ಬರುವುದಾದರೆ ಅದು ಆ ಸೋಮವಾರ ಸಂಜೆಯೇ ಹೋಯಿತು. ಕುರಿಮರಿಯ ಸಂಗತಿ ಅಷ್ಟರಲ್ಲಿಯೇ ಊರಿಗೆಲ್ಲ ಗೊತ್ತಾಗಿದ್ದಿತು. ಮಕ್ಕಳು ತಿಳಿದೂ ಸುಮ್ಮನಿದ್ದರು, ನಾವು ತಿಳಿದೂ ಸುಮ್ಮನಿದ್ದೆವು. ಅಂಥ ಮೌನದಿಂದ ಉಳಿಯುವ ಬೆಲೆಯನ್ನು ಬೆಲೆಯೆನ್ನಲಾಗದು. ಒಂಬತ್ತನೆಯ ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಅಂದು ನಿಂತಿದ್ದ ಜಾಗದಲ್ಲಿಯೇ ನಿಂತು, ಗಿಡವನ್ನು ಮೇಯ್ದದ್ದು ಕುರಿಮರಿ, ಹುಡುಗನ ಕೈಯ ವಾಸನೆ ತಾಯಿಯೊಡನೆ ದುಡಿದದ್ದರಿಂದ ಬಂದದ್ದು, ಕಳ್ಳನೆಂದ ನಾವು ತಪ್ಪು ಮಾಡಿದೆವು ಎಂದು ಹೇಳಿದೆವು. ಮೂರು ವಾಕ್ಯ. ಒಂಬತ್ತು ದಿನ ಏಕೆ ಬೇಕಾಯಿತೆಂದು ಕೇಳುವವರಿಗೆ ನಮ್ಮಲ್ಲಿ ಒಳ್ಳೆಯ ಉತ್ತರವಿಲ್ಲ.

ಇದರಿಂದ ಮಕ್ಕಳಲ್ಲಿ ನಮ್ಮ ಮೇಲಿನ ಗೌರವ ಕಡಮೆಯಾದದ್ದು ಕಾಣಲಿಲ್ಲ. ಹೆಚ್ಚಾಯಿತೆಂದೂ ಹೇಳಲಾರೆವು. ಕಥೆಗಳಲ್ಲಿ ಇಂಥ ಹೊತ್ತಿನಲ್ಲಿ ಹುಡುಗನು ಓಡಿಬಂದು ಕಾಲಿಗೆರಗುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಆತನು ಮೊದಲು ಮುಂದಿನ ಸಾಲಿನಲ್ಲಿ ಕುಳಿತು, ಪ್ರಶ್ನೆ ಮುಗಿಯುವ ಮುನ್ನವೇ ಕೈಯೆತ್ತುವವನಾಗಿದ್ದನು. ಈಗ ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದನು. ಕೇಳಿದರೆ ಉತ್ತರ ಸರಿಯಾಗಿಯೇ ಹೇಳುವನು, ತಾನಾಗಿ ಕೈಯೆತ್ತನು. ಆ ಕೈಯನ್ನು ಅಂದು ಚಾಚಲು ಹೇಳಿದವರು ನಾವಷ್ಟೆ.

ಗಿಡವು ಮೂರು ವಾರಕ್ಕೆ ಚಿಗುರಿತು. ಮೊದಲು ನಾಲ್ಕಾರು ಎಳೆ, ಸಂಕ್ರಾಂತಿಯ ಹೊತ್ತಿಗೆ ಹಿಂದಿನಂತೆಯೇ ದಟ್ಟವಾಯಿತು. ನಾಲ್ಕು ವರ್ಷವಾದ್ದರಿಂದ ಅದನ್ನು ಒಡೆಯಬೇಕಾಗಿತ್ತು. ರಾಗಿಯಂತೆ ಇದೂ ತೆಂಡೆ ಒಡೆದು ಒಡೆದು ಗುಂಪಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿ ನೆಡದಿದ್ದರೆ ನಡುವಿನದು ಉಸಿರುಕಟ್ಟಿ ಸೊರಗುತ್ತದೆ. ಬಿಡಿಸುವಾಗ ಪ್ರತಿ ಪಾಲಿಗೂ ಬೇರು ಇರಬೇಕು, ನೆಟ್ಟ ಮೇಲೆ ನೀರು ತಪ್ಪಬಾರದು. ಇಷ್ಟು ನೋಡಿಕೊಂಡರೆ ಒಡೆದ ಗುಂಪು ಒಂದಕ್ಕೆರಡಾಗುತ್ತದೆ. ಈ ಮಾತನ್ನು ಮಕ್ಕಳಿಗೆ ಹೇಳುವಾಗ ನಮ್ಮ ಊರುಗಳ ವಿಷಯವೂ ಮನಸ್ಸಿಗೆ ಬಾರದಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜಿಲ್ಲೆಯನ್ನು ಒಡೆದಾಗ ರಾಯದುರ್ಗವು ಅನಂತಪುರದ ಪಾಲಿಗೆ ಬಂದಿತು. 2022ರ ಏಪ್ರಿಲ್ 4ರಂದು ಅನಂತಪುರವನ್ನೂ ಒಡೆದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೇಮಾವತಿಯಲ್ಲಿ ನೊಳಂಬರು ಕನ್ನಡದಲ್ಲಿ ಶಾಸನ ಕೆತ್ತಿಸಿದ ನಾಡು ಇದು. ಒಡೆದದ್ದಕ್ಕೆ ಕಣ್ಣೀರಿಡುವುದರಲ್ಲಿ ಅರ್ಥವಿಲ್ಲವೆಂದು ನಮ್ಮ ಭಾವನೆ. ಬೇರಿಗೆ ನೀರೆರೆಯುವವರು ಯಾರೆಂದು ನೋಡಿಕೊಳ್ಳುವುದು ಮಾತ್ರ ಅಧ್ಯಾಪಕರಾದ ನಮ್ಮ ಕೆಲಸ. ಇದು ಬೇರೆ ಲೇಖನಕ್ಕೆ ತಕ್ಕ ವಿಷಯ, ಇಲ್ಲಿಗೆ ಬಿಡುತ್ತೇವೆ.

ಗುಂಪು ಆರು ಪಾಲಾಯಿತು. ಬೇಕಾದವರು ಕೈಯೆತ್ತಿರೆಂದೆವು. ಹಲವರು ಎತ್ತಿದರು, ಆತನು ಎತ್ತಲಿಲ್ಲ. ಎತ್ತದವನಿಗೆ ತಾನಾಗಿ ಕೊಟ್ಟರೆ ಅದು ನಮ್ಮ ತಪ್ಪಿನ ದಂಡವೆಂದು ಎಲ್ಲರಿಗೂ ತಿಳಿದೀತು, ಕೊಡದಿದ್ದರೆ ಮತ್ತೊಂದು ಅನ್ಯಾಯವಾದೀತು. ಯೋಚಿಸಿ ಒಂದು ಪಾಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟು, ಇದು ಉಳಿಯಿತು, ಬೇಕಾದವರು ಒಯ್ಯಬಹುದು ಎಂದಷ್ಟೇ ಹೇಳಿ ಹೊರಗೆ ಹೋದೆವು. ಸಂಜೆ ಅದು ಅಲ್ಲಿರಲಿಲ್ಲ. ಯಾರು ಒಯ್ದರೆಂದು ಈ ಸಲ ಕೇಳಲಿಲ್ಲ.

ಬೇಸಿಗೆಯಲ್ಲಿ ಶಾಲೆಯ ಕೊಡದಲ್ಲಿದ್ದದ್ದು ನುಗ್ಗೆಯ ನೆರಳಿದ್ದರೂ ಹಳದಿಯಾಗಿ ಮಲಗಿತು. ರಜೆಯಲ್ಲಿ ನೀರು ಹಾಕುವವರಿಲ್ಲದೆ ಪೂರ್ತಿ ಒಣಗಿತು. ಜೂನಿನಲ್ಲಿ ಶಾಲೆ ತೆರೆದು ನಾಲ್ಕು ದಿನವಾಗಿದ್ದಿತು. ಐದನೆಯ ತರಗತಿಗೆ ಬಂದಿದ್ದ ಆ ಹುಡುಗನು ಪಾಠ ಮುಗಿದ ಮೇಲೆ ಮೇಜಿನ ಬಳಿಗೆ ಬಂದು ನಿಂತನು. ಬಚ್ಚಲ ನೀರು ಹರಿಯುವಲ್ಲಿ, ಕಲ್ಲಿನ ಮರೆಯಲ್ಲಿ ನೆಟ್ಟಿದ್ದನಂತೆ. ಮೇ ತಿಂಗಳಲ್ಲಿ ಸತ್ತಿತೆಂದು ತಾಯಿ ಕೀಳಹೋದಳಂತೆ, ಈತನು ಬೇಡವೆಂದನಂತೆ. ಮೊನ್ನೆಯ ಮಳೆಗೆ ಐದು ಎಳೆ ಎದ್ದಿವೆ, ಈಗಲೇ ಕೊಯ್ಯಬಹುದೆ ಎಂದು ಕೇಳಿದನು. ಗೇಣುದ್ದವಾಗುವ ತನಕ ಬಿಡು ಎಂದೆವು. ತಲೆಯಾಡಿಸಿ ಹೋಗಿ ಹಿಂದಿನ ಸಾಲಿನಲ್ಲಿಯೇ ಕುಳಿತನು.